ಜಲಪಕ್ಷಿಗಳೂ ವ್ಯವಸಾಯವೂ: ರಂಗನತಿಟ್ಟಿನಲ್ಲಿ ಒಂದು ದಿನ

ಶ್ರೀರಂಗಪಟ್ಟಣದ ಸಮೀಪದಲ್ಲಿ, 17ನೆಯ ಶತಮಾನದಲ್ಲಿ ಕಾವೇರೀ ನದಿಗೆ ಅಡ್ಡಲಾಗಿ ಒಡ್ಡನ್ನು ಕಟ್ಟಿದುದರಿಂದ ಉಂಟಾದ ನಡುಗಡ್ಡೆಗಳಿಗೆ ರಂಗನತಿಟ್ಟು ಎಂದು ಹೆಸರು. ಪಕ್ಷಿಶಾಸ್ತ್ರಜ್ಞ ಸಲೀಂ ಆಲಿಯವರ ಸಲಹೆಯಂತೆ ಮೈಸೂರು ಸರ್ಕಾರದವರು 1940ರಲ್ಲಿ ಇದನ್ನು ಪಕ್ಷಿಧಾಮವೆಂದು ಸಾರಿದರು. 2022ರಲ್ಲಿ ಇದು ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.

ಕಳೆದ ಮಾರ್ಚಿ ತಿಂಗಳಿನಲ್ಲಿ ನಾನು ಕ್ಯಾಮರಾ ಸಹಿತ ಅಲ್ಲಿಗೆ ಹೋಗಿದ್ದೆನು. ಮರಗಳ ಮೇಲೆ ಬಣ್ಣದ ಕೊಕ್ಕರೆಗಳೂ ಚಮಚಕೊಕ್ಕುಗಳೂ ಗೂಡುಕಟ್ಟಿದ್ದುವು. ನೀರುಕಾಗೆಗಳು ಬಂಡೆಗಳ ಮೇಲೆ ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತಿದ್ದುವು. ಚಿತ್ರವು ಚೆನ್ನಾಗಿ ಬರಲೆಂದು ದೋಣಿಯನ್ನು ಗೂಡಿನ ಬಳಿಗೆ ಒಯ್ಯುವಂತೆ ಕೇಳಿದೆನು. ದೋಣಿಯವನು ಒಪ್ಪಲಿಲ್ಲ. “ತಾಯಿ ಎದ್ದರೆ ಮರಿ ಬಿಸಿಲಿಗೆ ಬೇಯ್ತದೆ ಸ್ವಾಮಿ, ಮೊಟ್ಟೆ ಕಾಗೆ ಪಾಲಾಯ್ತದೆ” ಎಂದನು. ನಾನು ನಾಚಿ ದೂರದಿಂದಲೇ ಚಿತ್ರ ತೆಗೆದೆನು.

ಈ ಹಕ್ಕಿಗಳಿಂದ ರೈತನಿಗೇನು ಪ್ರಯೋಜನ? ಕೊಕ್ಕಿನ ನಡುವೆ ಸಂದಿಯುಳ್ಳ ಬಾಯ್ಕಳಕವು ಗದ್ದೆಯ ಬಸವನಹುಳುಗಳನ್ನು ತಿನ್ನುವುದು. ದನಗಳ ಹಿಂದೆ ನಡೆಯುವ ಗೋವಕ್ಕಿಯು ಮಿಡತೆಗಳನ್ನು ಹಿಡಿಯುವುದು. ಹಕ್ಕಿಗಳ ಹಿಕ್ಕೆಯಲ್ಲಿ ಸಾರಜನಕವೂ ರಂಜಕವೂ ಇರುವುವು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನವರು ಊರೊಳಗಿನ ಹುಣಿಸೆಮರಗಳ ಮೇಲೆ ಕೊಕ್ಕರೆ, ಹೆಜ್ಜಾರ್ಲೆಗಳಿಗೆ ಎಡೆಗೊಟ್ಟು, ಕೆಳಗೆ ಬಿದ್ದ ಹಿಕ್ಕೆಯನ್ನು ಹೊಲಗಳಿಗೆ ಗೊಬ್ಬರವಾಗಿ ಉಪಯೋಗಿಸುತ್ತ ಬಂದಿರುವರು.

ಆದುದರಿಂದ ಗ್ರಾಮದ ಮುಖಂಡರೂ ಭೂಮಾಲೀಕರೂ ಗೂಡುಗಳಿರುವ ಮರಗಳನ್ನು ಕಡಿಯಗೊಡದೆ, ಕೋವಿ ಕವಣೆಗಳನ್ನು ತಡೆದು, ನೋಡಬಂದವರನ್ನು ದೂರದಲ್ಲಿಯೇ ನಿಲ್ಲಿಸತಕ್ಕದ್ದು. ಮರವನ್ನು ಕಡಿಯಲು ಒಂದು ದಿನ ಸಾಕು. ಹಕ್ಕಿಗಳಿಗೆ ಅಂತಹ ಇನ್ನೊಂದು ನೆಲೆಯು ಬೆಳೆಯಬೇಕಾದರೆ ಒಂದು ತಲೆಮಾರೇ ಬೇಕಾಗುವುದು.