ಚೀನೀ ಬಾಣಲೆ ನಮ್ಮ ಒಲೆಯ ಮೇಲೆ

ಕಾಸರಗೋಡಿನಿಂದ ತೆಂಕಣಕ್ಕೆ ಮಲೆಯಾಳವನ್ನಾಡುವ ಮನೆಗಳಲ್ಲಿ ಬಾಣಲೆಗೆ ‘ಚೀನಚಟ್ಟಿ’ ಎಂಬ ಹೆಸರುಂಟು. ಉಪ್ಪಿನಕಾಯಿಯ ಭರಣಿ, ಕೊಚ್ಚಿಯ ಬಲೆ, ಹುರಿಯುವ ಪಾತ್ರೆ ಇವೆಲ್ಲ ಆ ತೀರದಲ್ಲಿ ಚೀನದ ಹೆಸರನ್ನು ಹೊತ್ತು ನಿಂತಿವೆ. ಹಳೆಯ ಕಡಲ ವ್ಯಾಪಾರದ ನೆನಪು ಹೀಗೆ ಅಡಿಗೆಯ ಮನೆಯ ಮಾತಿನಲ್ಲಿ ಉಳಿದುಕೊಂಡಿದೆ. ಆದುದರಿಂದ ಇಂದು ಅಂಗಡಿಗಳಲ್ಲಿ ‘ವೋಕ್’ ಎಂಬ ಹೆಸರಿನಿಂದ ಮಾರಾಟವಾಗುವ ಪಾತ್ರೆಯನ್ನು ಕಂಡು ನಮ್ಮ ಗೃಹಿಣಿಯರು ಅಳುಕಬೇಕಾದುದಿಲ್ಲ. ಅದು ನಮ್ಮ ಬಾಣಲೆಯ ದಾಯಾದಿಯೇ. ಹೆಸರು ಮಾತ್ರ ದಕ್ಷಿಣ ಚೀನದ ಕ್ಯಾಂಟನ್ ಸೀಮೆಯ ಮಾತಿನದು.

ವ್ಯತ್ಯಾಸವಿರುವುದು ಬಳಸುವ ರೀತಿಯಲ್ಲಿ. ನಾವು ಬಾಣಲೆಯಲ್ಲಿ ಎಣ್ಣೆ ತುಂಬಿ ಕರಿಯುತ್ತೇವೆ, ಇಲ್ಲವೆ ಸಣ್ಣ ಉರಿಯಲ್ಲಿ ಮುಚ್ಚಿಟ್ಟು ಪಲ್ಯವನ್ನು ಬೇಯಿಸುತ್ತೇವೆ. ಚೀನೀಯರು ಅದನ್ನು ಕೆಂಪಗೆ ಕಾಯಿಸಿದಂತೆ ಕಾಯಿಸಿ, ಎರಡು ಚಮಚೆ ಎಣ್ಣೆಯಲ್ಲಿ, ಕೈ ಬಿಡದೆ ಕೆದಕುತ್ತ ನಾಲ್ಕಾರು ನಿಮಿಷಗಳಲ್ಲಿ ಅಡಿಗೆಯನ್ನು ಮುಗಿಸುತ್ತಾರೆ. ಕಾಯಿಪಲ್ಲೆಯ ಹಸಿರು ಕೆಡುವುದಿಲ್ಲ, ಕರಕುತನ ಉಳಿಯುತ್ತದೆ, ಇಂಧನವೂ ಮಿಗುತ್ತದೆ. ಕೊರ್ಲಿಮ್ಮಿನ ಕೈಗಾರಿಕಾ ವಸಾಹತಿನಲ್ಲಿ ಪಾಳಿಯ ದುಡಿಮೆ ಮುಗಿಸಿ ಬಂದು ಒಲೆ ಹಚ್ಚುವ ನಮ್ಮ ಹೆಣ್ಣುಮಕ್ಕಳಿಗೆ ಇದು ಅಲ್ಪ ಲಾಭವಲ್ಲ.

ಈ ವಿಷಯವನ್ನು ಈಗ ಎತ್ತಿಕೊಳ್ಳಲು ಇನ್ನೊಂದು ಕಾರಣವಿದೆ. ನಮ್ಮ ಮಕ್ಕಳು ಗೋಬಿ ಮಂಚೂರಿಯನ್ನಿಗೆ ಮನಸೋತಿದ್ದಾರೆ. ಮಂಚೂರಿಯ ದೇಶದಲ್ಲಿ ಇಂಥ ತಿನಿಸು ಇಲ್ಲ. 1975ರ ಸುಮಾರಿನಲ್ಲಿ ಮುಂಬಯಿಯಲ್ಲಿ ಕಲಕತ್ತೆಯ ಚೀನೀ ಮೂಲದ ನೆಲ್ಸನ್ ವಾಂಗ್ ಎಂಬ ಬಾಣಸಿಗರು ಕೋಳಿಯಿಂದ ಮಾಡಿದ್ದೇ ಇದರ ಮೊದಲೆಂದು ಹೇಳುತ್ತಾರೆ. ಹೂಕೋಸು ಆಮೇಲೆ ಬಂದಿತು. ಹಳೆಯ ಗೋವೆಯ ಡಿಸೆಂಬರ್ ಫೆಸ್ತಿನಲ್ಲಾಗಲಿ ಜಾತ್ರೆಗಳಲ್ಲಾಗಲಿ ಈ ಗಾಡಿಗಳ ಮುಂದಿನ ಗುಂಪು ಕರಗುವುದೇ ಇಲ್ಲ. 2024ರ ಆರಂಭದಲ್ಲಿ ಮಾಪುಸಾ ನಗರಸಭೆಯು ಕೃತಕ ಬಣ್ಣ ಮತ್ತು ಅಶುಚಿತ್ವದ ಕಾರಣಗಳಿಂದ ಇದರ ಮಾರಾಟವನ್ನೇ ನಿಷೇಧಿಸಿತು. ಅದೇ ವರ್ಷ ಮಾರ್ಚ್ ತಿಂಗಳಿನಲ್ಲಿ ಕರ್ನಾಟಕ ಸರಕಾರವು ಪರೀಕ್ಷಿಸಿದ 171 ಮಾದರಿಗಳಲ್ಲಿ 107 ಅಸುರಕ್ಷಿತವೆಂದು ಕಂಡುಬಂದುದರಿಂದ, ತಿನಿಸನ್ನಲ್ಲ, ಅದರಲ್ಲಿ ಕೃತಕ ಬಣ್ಣದ ಬಳಕೆಯನ್ನು ನಿಷೇಧಿಸಿತು. ಎರಡನೆಯ ಕ್ರಮವೇ ಹೆಚ್ಚು ವಿವೇಕದ್ದೆಂದು ನನ್ನ ಅಭಿಪ್ರಾಯ. ಗಾಡಿಯಿಟ್ಟು ಹೊಟ್ಟೆ ಹೊರೆಯುವವರಲ್ಲಿ ನಮ್ಮ ಸೀಮೆಯವರೂ ಇದ್ದಾರೆ. ಎಲ್ಲರೂ ವಿಷ ಬೆರೆಸುವವರಲ್ಲ. ಆದರೂ ಮಗುವಿನ ತಟ್ಟೆಯಲ್ಲಿರುವ ಕೆಂಪು ಎಲ್ಲಿಂದ ಬಂದಿತೆಂದು ತಿಳಿದಿರುವುದು ತಾಯಿತಂದೆಗಳಿಗೆ ಒಳ್ಳೆಯದು. ತಿಳಿಯುವ ನೇರವಾದ ದಾರಿ ಮನೆಯಲ್ಲಿಯೇ ಮಾಡುವುದು.

ಮೊದಲು ಪಾತ್ರೆಯ ಮಾತು. ಬಾಣಸ್ತಾರಿಯ ಗುರುವಾರದ ಸಂತೆಯಲ್ಲಿಯೋ ಮಾಪುಸಾದ ಶುಕ್ರವಾರದ ಪೇಟೆಯಲ್ಲಿಯೋ ಕಬ್ಬಿಣದ ಹಾಳೆಯಿಂದ ಮಾಡಿದ ಬಾಣಲೆ ದೊರೆತರೆ ಸಾಕು. ಹನ್ನೆರಡು ಅಂಗುಲದ ಅಗಲ ನಾಲ್ಕೈದು ಮಂದಿಯ ಮನೆಗೆ ಹೊಂದುತ್ತದೆ. ಬೀಡಿನ ದಪ್ಪ ಬಾಣಲೆ ಕರಿಯಲು ಶ್ರೇಷ್ಠ. ಆದರೆ ಅದು ನಿಧಾನವಾಗಿ ಕಾಯ್ದು ನಿಧಾನವಾಗಿ ಆರುವುದರಿಂದ ಉರಿಯನ್ನು ಏರಿಸಿ ಇಳಿಸಿ ಮಾಡುವ ಈ ಅಡಿಗೆಗೆ ತೆಳುವಾದುದೇ ಮೇಲು. ವಿದ್ಯುತ್ ಇಂಡಕ್ಷನ್ ಒಲೆಯಿದ್ದವರು ತಳ ಸಪಾಟಾಗಿರುವುದನ್ನೇ ಕೊಳ್ಳಬೇಕು. ಅಂಟದ ಲೇಪವಿರುವ ನಾನ್‌ಸ್ಟಿಕ್ ಪಾತ್ರೆ ಇದಕ್ಕೆ ಸಲ್ಲದು. 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಆ ಲೇಪ ಕೆಡಲಾರಂಭಿಸುತ್ತದೆ. ಬರಿದಾಗಿ ಕಾಯಿಸಿದ ಪಾತ್ರೆ ಆ ಮಟ್ಟವನ್ನು ಬಹುಬೇಗ ಮುಟ್ಟುತ್ತದೆ.

ಹೊಸ ಕಬ್ಬಿಣವನ್ನು ಪಳಗಿಸಬೇಕು. ದೋಸೆಯ ಹಂಚನ್ನು ಪಳಗಿಸಿದವರಿಗೆ ಇದು ಹೊಸದಲ್ಲ. ತುಕ್ಕು ಹಿಡಿಯದಿರಲೆಂದು ಕಾರಖಾನೆಯವರು ಬಳಿದ ಎಣ್ಣೆಯನ್ನು ಸಾಬೂನು ಮತ್ತು ನಾರಿನಿಂದ ತಿಕ್ಕಿ ತೊಳೆದು ತೆಗೆಯಬೇಕು. (ಇದನ್ನು ಮನೆಯ ಗಂಡಸರಿಗೆ ಒಪ್ಪಿಸುವುದು ಲೇಸು; ತೋಳಿನ ಕಸುವಿಗೆ ಒಂದು ಸಾರ್ಥಕತೆ ಬಂದೀತು.) ಬಳಿಕ ಕಿಟಕಿಗಳನ್ನು ತೆರೆದಿಟ್ಟು ಬಾಣಲೆಯನ್ನು ದೊಡ್ಡ ಉರಿಯ ಮೇಲಿರಿಸಿ, ಕಬ್ಬಿಣ ನೀಲಿ ಛಾಯೆಗೆ ತಿರುಗುವ ತನಕ ಎಲ್ಲ ಮಗ್ಗುಲುಗಳನ್ನೂ ಕಾಯಿಸಬೇಕು. ಸ್ವಲ್ಪ ಆರಿದ ಮೇಲೆ ಬಟ್ಟೆಯಿಂದ ಎಣ್ಣೆಯನ್ನು ಸವರಿ, ಒಣ ಬಟ್ಟೆಯಿಂದ ಮತ್ತೆ ಒರೆಸಿ ತೆಗೆದು, ಹೊಗೆಯೇಳುವಷ್ಟು ಪುನಃ ಕಾಯಿಸಬೇಕು. ಹೀಗೆ ನಾಲ್ಕೈದು ಸಲ. ಎಣ್ಣೆ ದಪ್ಪವಾಗಿ ಉಳಿದರೆ ಅಂಟಂಟಾಗುತ್ತದೆ. ತೆಳುವಾಗಿ ಸವರುವುದರಲ್ಲಿಯೇ ಗುಟ್ಟಿದೆ. ತೀವ್ರ ಶಾಖದಲ್ಲಿ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಕಬ್ಬಿಣಕ್ಕೆ ಕಚ್ಚಿ ಗಟ್ಟಿಯಾದ ಪೊರೆಯಾಗುತ್ತವೆ. ಬಳಸಿದಷ್ಟೂ ಆ ಪೊರೆ ಕಪ್ಪಾಗಿ ನುಣುಪಾಗುತ್ತದೆ. ಮೊದಲ ವಾರ ಉಳ್ಳಾಗಡ್ಡಿ, ಶೇಂಗಾ ಮುಂತಾದುವನ್ನು ಹುರಿಯಿರಿ. ಮೊಟ್ಟೆ, ಅನ್ನ ಮೊದಲಾದ ಅಂಟುವ ಪದಾರ್ಥಗಳು ಆಮೇಲಾಗಲಿ.

ಇನ್ನು ಉರಿಯ ವಿಚಾರ. ಹೋಟೆಲಿನ ರುಚಿ ಮನೆಯಲ್ಲಿ ಬರುವುದಿಲ್ಲವೆಂದು ಹಲವರು ಒಂದೆರಡು ಸಲ ಮಾಡಿ ಕೈಬಿಡುತ್ತಾರೆ. ದೋಷ ಕೈಯದಲ್ಲ, ಲೆಕ್ಕದ್ದು. ಹೋಟೆಲಿನ ಒಲೆ ನಮ್ಮ ಗ್ಯಾಸ್ ಒಲೆಗಿಂತ ಹಲವು ಪಟ್ಟು ಪ್ರಬಲವಾದುದು. ಮನೆಯ ಒಲೆಯ ಉರಿ ಎರಡು ಕಿಲೋವ್ಯಾಟ್ ಎಂದೂ, ಅದರಲ್ಲಿ ಮೂರರಲ್ಲಿ ಎರಡು ಪಾಲು ಪಾತ್ರೆಗೆ ಸೇರುವುದೆಂದೂ ಇಟ್ಟುಕೊಳ್ಳೋಣ. ಒಂದು ಗ್ರಾಂ ಕುದಿನೀರು ಆವಿಯಾಗಲು 2,260 ಜೂಲ್ ಶಾಖ ಬೇಕು. ಅರ್ಧ ಕಿಲೋ ಕೋಸಿನಿಂದ ನೂರು ಗ್ರಾಂ ನೀರು ಹೊರಬಿದ್ದರೆ, ಅದೊಂದನ್ನೇ ಹೋಗಲಾಡಿಸಲು ಸುಮಾರು ಮೂರು ನಿಮಿಷಗಳು ಹಿಡಿಯುತ್ತವೆ. ಅಷ್ಟು ಹೊತ್ತು ಕೋಸು ಹುರಿಯುವುದಿಲ್ಲ, ಬೇಯುತ್ತದೆ. ಆದುದರಿಂದ ಕಾಯಿಪಲ್ಲೆಯನ್ನು ತೊಳೆದ ಮೇಲೆ ಬಟ್ಟೆಯ ಮೇಲೆ ಹರಡಿ ಒಣಗಿಸಿರಿ. ಒಂದು ಸಲಕ್ಕೆ ಎರಡು ಹಿಡಿಯಷ್ಟನ್ನು ಮಾತ್ರ ಹಾಕಿರಿ. ಆದುದನ್ನು ತೆಗೆದಿರಿಸಿ, ಬಾಣಲೆಯನ್ನು ಮತ್ತೆ ಕಾಯಿಸಿ ಮುಂದಿನದನ್ನು ಹಾಕಿರಿ. ಕೊನೆಗೆ ಎಲ್ಲವನ್ನೂ ಕೂಡಿಸಿರಿ. ಉಪ್ಪು ನೀರೊಡೆಸುವುದರಿಂದ ಅದು ಕಡೆಗೆ.

ಎಣ್ಣೆಗೆ ಅಲೆಯಬೇಕಾಗಿಲ್ಲ. ಶೇಂಗಾ ಎಣ್ಣೆ ಹೆಚ್ಚಿನ ಶಾಖವನ್ನು ತಡೆಯುತ್ತದೆ. ಚೀನೀಯರಿಗೂ ಅದು ಪ್ರಿಯವೇ. ಗೋವೆಯ ಕೊಬ್ಬರಿ ಎಣ್ಣೆ ಬೇಗ ಹೊಗೆಯಾಡುತ್ತದೆ. ಒಲೆ ಹಚ್ಚುವ ಮೊದಲೇ ಎಲ್ಲವನ್ನೂ ಹೆಚ್ಚಿಕೊಂಡು ಕೈಯಳತೆಯಲ್ಲಿ ಇಟ್ಟುಕೊಳ್ಳಬೇಕು, ಏಕೆಂದರೆ ನಡುವೆ ಹೆಚ್ಚುತ್ತ ಕುಳಿತರೆ ಬೆಳ್ಳುಳ್ಳಿ ಸೀಯುತ್ತದೆ. ಗಜ್ಜರಿ ಮೊದಲು, ಹುರುಳಿಕಾಯಿ ಆಮೇಲೆ, ದೊಣಮೆಣಸಿನಕಾಯಿ ಅದರ ಹಿಂದೆ, ಸೊಪ್ಪು ಕಟ್ಟಕಡೆಗೆ. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಸುರಿಯಲೇಬಾರದು. ಉರಿಯನ್ನು ಆರಿಸಿ ಮುಚ್ಚಳ ಮುಚ್ಚಬೇಕು.

ಮಂಚೂರಿಯನ್ನಿನ ಕೆಂಪಿಗೆ ನಮ್ಮಲ್ಲಿಯೇ ಉತ್ತರವಿದೆ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಖಾರ ಕಡಿಮೆ, ಬಣ್ಣ ಗಾಢ. ಏಳೆಂಟು ಕಾಯಿಗಳ ಬೀಜ ತೆಗೆದು, ಬಿಸಿನೀರಿನಲ್ಲಿ ನೆನೆಯಿಸಿ ನುಣ್ಣಗೆ ಅರೆಯಿರಿ. ಆ ಬಣ್ಣ ಎಣ್ಣೆಯಲ್ಲಿ ಬಿಡುವಂಥದು; ಆದುದರಿಂದ ಅರಪನ್ನು ನೀರಿಗಲ್ಲ, ಕಾದ ಎಣ್ಣೆಗೇ ಹಾಕಿ ಹುರಿಯಬೇಕು. ಹೂಕೋಸಿನ ಎಸಳುಗಳನ್ನು ಉಪ್ಪಿನ ಬಿಸಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ಚೆನ್ನಾಗಿ ಒಣಗಿಸಿ, ನಾಲ್ಕು ಚಮಚೆ ಮೈದಾ, ಎರಡು ಚಮಚೆ ಮೆಕ್ಕೆಜೋಳದ ಹಿಟ್ಟಿನ ಕಲಸಿನಲ್ಲಿ ಅದ್ದಿ ಕರಿಯಿರಿ. ಬೇರೆಯಾಗಿ ಶುಂಠಿ, ಬೆಳ್ಳುಳ್ಳಿ, ಉಳ್ಳಾಗಡ್ಡಿ, ಮೆಣಸಿನ ಅರಪು, ಒಂದು ಚಮಚೆ ಸೋಯಾ ರಸ, ತುಸು ವಿನೆಗರ್ ಇವುಗಳನ್ನು ಹುರಿದು ಎಸಳುಗಳನ್ನು ಅದರಲ್ಲಿ ಹೊರಳಿಸಿರಿ. ಸೋಯಾ ರಸದಲ್ಲಿ ಉಪ್ಪು ಬಹಳ. ನಾಲಿಗೆ ನೋಡಿ ಉಪ್ಪು ಹಾಕಿರಿ. ಉಳಿದ ಅನ್ನವನ್ನೂ ಹೀಗೆ ಹುರಿಯಬಹುದು. ಆದರೆ ಸೆಕೆಯಲ್ಲಿ ರಾತ್ರಿಯೆಲ್ಲ ಹೊರಗಿದ್ದ ಅನ್ನ ಬೇಡ. ಅದರಲ್ಲಿ ಹುಟ್ಟುವ ನಂಜು ಹುರಿದರೂ ಹೋಗುವುದಿಲ್ಲ. ತಂಪು ಪೆಟ್ಟಿಗೆಯಲ್ಲಿಟ್ಟ ಅನ್ನವೇ ಕಾಳುಕಾಳಾಗಿ ಬಿಡುತ್ತದೆ.

ಊಟವಾದೊಡನೆ ಬಾಣಲೆಯನ್ನು ಬಿಸಿನೀರಿನಿಂದ ತೊಳೆದು, ಉರಿಯ ಮೇಲೆ ಒಣಗಿಸಿ, ಒಂದು ಹನಿ ಎಣ್ಣೆ ಸವರಿ ಎತ್ತಿಡಬೇಕು. ನೆನೆಹಾಕಬಾರದು. ಹುಣಸೆ, ಟೊಮೆಟೊ, ಇಲ್ಲಿಯ ಬಿರಂಡ ಸೇರಿದ ಸಾರುಗಳನ್ನು ಅದರಲ್ಲಿ ಕುದಿಸಬಾರದು. ಹುಳಿ ಪೊರೆಯನ್ನು ತಿನ್ನುತ್ತದೆ. ಗೋವೆಯ ಮಳೆಗಾಲದಲ್ಲಿ ಎರಡೇ ದಿನಕ್ಕೆ ತುಕ್ಕು ಕಾಣಿಸಿಕೊಳ್ಳಬಹುದು. ಹಾಗಾದರೆ ಪಾತ್ರೆಯನ್ನು ಎಸೆಯಬೇಕಿಲ್ಲ. ತಿಕ್ಕಿ ತುಕ್ಕನ್ನು ತೆಗೆದು, ಮೊದಲಿನಂತೆ ಎಣ್ಣೆ ಸವರಿ ಎರಡು ಸಲ ಕಾಯಿಸಿದರೆ ಅದು ಮತ್ತೆ ಒಲೆಗೆ ಬರುತ್ತದೆ.