ಅವ್ವನ ಬೆಳಕಿಂಡಿ, ಪುಣೆಯ ಎಕ್ಸಾಸ್ಟ್ ಫ್ಯಾನ್

ಕಳೆದ ಏಪ್ರಿಲ್‌ನಲ್ಲಿ ಬಾಗಲಕೋಟೆಯಿಂದ ಪುಣೆಗೆ ಬಂದ ಅವ್ವ ಮೂರನೇ ದಿನವೇ ಚೀಲ ಕಟ್ಟಲು ಶುರು ಮಾಡಿದಳು. "ಇದೇನ್ ಮನಿನೋ, ಭಟ್ಟಿನೋ? ಮಧ್ಯರಾತ್ರಿ ಆದ್ರೂ ಗ್ವಾಡಿ ಕಾದ ಹಂಚಿನಂಗ ಐತಿ. ನನ್ನ ಬಸ್ ಹತ್ತಿಸಿಬಿಡಪಾ" ಎಂದಳು.

ಅವಳ ಮಾತು ಸುಳ್ಳಲ್ಲ. ನಮ್ಮದು ನಾಲ್ಕನೇ ಮಹಡಿಯ ಬಾಡಿಗೆ ಮನೆ, ಮೇಲೆ ಬರೀ ತಾರಸಿ. ಹಗಲೆಲ್ಲ ಬಿಸಿಲು ಕುಡಿದ ಸ್ಲ್ಯಾಬ್ ರಾತ್ರಿಯಿಡೀ ಆ ಕಾವನ್ನು ಕೆಳಗೆ ಉಗುಳುತ್ತದೆ. ಸೀಲಿಂಗ್ ಫ್ಯಾನ್ ಅದೇ ಬಿಸಿಗಾಳಿಯನ್ನು ಮೈಮೇಲೆ ಸುರಿಯುತ್ತದೆ. ರಾತ್ರಿ ಹತ್ತಕ್ಕೆ ಒಳಗೆ 34 ಡಿಗ್ರಿ. ಬಾಲ್ಕನಿಗೆ ಬಂದು ನಿಂತರೆ ತಣ್ಣನೆ ಗಾಳಿ! ಎಸಿ ಹಾಕಿಸೋಣವೆಂದರೆ ಅದೇ ತಿಂಗಳು ಮಗಳ ಶಾಲೆಯ ಫೀಸು. ಮೇಲಾಗಿ, ಗೋಡೆಗೆ ತೂತು ಹೊಡೆಯುವಂತಿಲ್ಲ ಎಂದು ಮನೆ ಮಾಲೀಕರ ತಾಕೀತು.

ದಾರಿ ತೋರಿಸಿದ್ದು ಕೆಲವು ವರ್ಷ ಕ್ಯಾಲಿಫೋರ್ನಿಯಾದಲ್ಲಿದ್ದ ಸಹೋದ್ಯೋಗಿ. ಅಲ್ಲಿ 'ಹೋಲ್ ಹೌಸ್ ಫ್ಯಾನ್' ಎಂಬುದಿದೆ. ಮನೆಯ ನಡುವೆ, ಅಟ್ಟದ ಕೆಳಗಿನ ಚಾವಣಿಯಲ್ಲಿ ಕೂರಿಸಿದ ದೊಡ್ಡ ಫ್ಯಾನ್. ಸಂಜೆ ಹೊರಗೆ ತಂಪಾದಾಗ ಕಿಟಕಿ ತೆರೆದು ಅದನ್ನು ಹಾಕಿದರೆ ಒಳಗಿನ ಬಿಸಿಗಾಳಿ ಅಟ್ಟದ ಮೂಲಕ ಹೊರಹೋಗಿ, ಕಿಟಕಿಗಳಿಂದ ತಂಗಾಳಿ ನುಗ್ಗುತ್ತದೆ. ನಮ್ಮ ಫ್ಲಾಟ್‌ಗಳಿಗೆ ಅಟ್ಟವೆಲ್ಲಿ? ಆದರೆ ಅದೇ ಕೆಲಸವನ್ನು ಎಕ್ಸಾಸ್ಟ್ ಫ್ಯಾನಿನಿಂದ ಮಾಡಿಸಬಹುದಲ್ಲ!

ಅಡುಗೆಮನೆ ಕಿಟಕಿಯ ಒಂದು ಗಾಜು ಬಿಚ್ಚಿ, ಪ್ಲೈವುಡ್ ಹಲಗೆ ಕೂರಿಸಿ, ಅದಕ್ಕೆ 12 ಇಂಚಿನ ಫ್ಯಾನ್ ಹಾಕಿಸಿದೆ. ಕೂಲಿ ಸೇರಿ 3,200 ರೂಪಾಯಿ. ಗಾಜನ್ನು ಜೋಪಾನವಾಗಿ ಎತ್ತಿಟ್ಟಿದ್ದೇನೆ. ಮನೆ ಬಿಡುವಾಗ ಮತ್ತೆ ಕೂರಿಸಬೇಕು.

ಮೊದಲ ರಾತ್ರಿ ಏನೂ ಆಗಲಿಲ್ಲ. ಅವ್ವ ನಕ್ಕಳು. ತಪ್ಪು ನನ್ನದೇ. ಫ್ಯಾನಿನ ಪಕ್ಕದ ಕಿಟಕಿಯೂ ತೆರೆದಿತ್ತು. ಅಲ್ಲಿಂದ ಬಂದ ಗಾಳಿ ಹಾಗೇ ಹೊರಗೆ ಹೋಗುತ್ತಿತ್ತು. ಮರುದಿನ ಅದನ್ನು ಮುಚ್ಚಿ, ದೂರದ ಮಲಗುವ ಕೋಣೆಯ ಕಿಟಕಿಗಳನ್ನಷ್ಟೇ ತೆರೆದೆ, ನಡುವಿನ ಬಾಗಿಲುಗಳನ್ನೂ ತೆರೆದಿಟ್ಟೆ. ಪರದೆಗಳು ಒಳಮುಖವಾಗಿ ಉಬ್ಬಿದವು. ಬೆಳಿಗ್ಗೆ ಆರಕ್ಕೆ 27 ಡಿಗ್ರಿ. ಅದಕ್ಕೂ ಮುಂಚೆ ಆ ಹೊತ್ತಿಗೂ 31 ಇರುತ್ತಿತ್ತು.

ಖರ್ಚಿನ ಲೆಕ್ಕ ನೋಡಿ. ಈ ಫ್ಯಾನ್ 55 ವ್ಯಾಟ್. ಎಂಟು ಗಂಟೆ ಓಡಿದರೂ ಅರ್ಧ ಯೂನಿಟ್ ಆಗದು. ಒಂದೂವರೆ ಟನ್ ಎಸಿ ಕಂಪ್ರೆಸರ್ ಓಡುವಾಗ ಸುಮಾರು 1,500 ವ್ಯಾಟ್ ಎಳೆಯುತ್ತದೆ. ನಡುನಡುವೆ ಅದು ನಿಂತರೂ ರಾತ್ರಿಗೆ ಹಲವು ಯೂನಿಟ್ ಖಂಡಿತ.

ಇದರ ಗುಟ್ಟು ಬೆಳಗಿನ ಕೆಲಸದಲ್ಲಿದೆ. ಎಂಟು ಗಂಟೆಯೊಳಗೆ ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ, ಪರದೆ ಎಳೆಯಬೇಕು. ರಾತ್ರಿ ತಣಿದ ಗೋಡೆ, ನೆಲ ಮಧ್ಯಾಹ್ನದವರೆಗೂ ಮನೆ ಕಾಯುತ್ತವೆ. ಹೊರಗೆ ಬಿಸಿಯಿದ್ದಾಗ ಫ್ಯಾನ್ ಹಾಕಿದರೆ ಬಿಸಿಯನ್ನೇ ಒಳಗೆ ಕರೆದಂತೆ.

ಎಲ್ಲ ಊರಿಗೂ ಇದು ಒಗ್ಗುವುದಿಲ್ಲ. ಪುಣೆ, ಹೈದರಾಬಾದ್ ಪ್ರಸ್ಥಭೂಮಿಯ ಒಣ ಊರುಗಳು. ಬೇಸಿಗೆಯಲ್ಲೂ ರಾತ್ರಿ ಉಷ್ಣಾಂಶ ಇಳಿಯುತ್ತದೆ. ಮುಂಬೈ, ಚೆನ್ನೈಗಳಲ್ಲಿ ರಾತ್ರಿಯೂ ಸೆಕೆ, ತೇವ. ಅಲ್ಲಿ ಒಳಬರುವುದು ಜಿಗುಟು ಗಾಳಿಯೇ. ದೆಹಲಿಯವರಿಗೆ ಮಾರ್ಚ್, ಅಕ್ಟೋಬರ್‌ನಲ್ಲಿ ಉಪಯೋಗ. ಮೇ, ಜೂನ್‌ನಲ್ಲಿ ಕೂಲರ್ರೇ ಗತಿ.

ಎರಡು ಎಚ್ಚರಿಕೆ. ಕಿಟಕಿಗೆ ಸೊಳ್ಳೆ ಜಾಲರಿ ಬೇಕು, ಧೂಳು ಕಟ್ಟದಂತೆ ಆಗಾಗ ತೊಳೆಯಬೇಕು. ಎರಡನೆಯದು ಪ್ರಾಣದ ಮಾತು: ಗ್ಯಾಸ್ ಗೀಸರ್ ಉರಿಯುವಾಗ ಈ ಫ್ಯಾನ್ ಬೇಡವೇ ಬೇಡ. ಫ್ಯಾನಿನ ಎಳೆತಕ್ಕೆ ಗೀಸರಿನ ಹೊಗೆಗಾಳಿ, ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಸಮೇತ, ಮನೆಯೊಳಗೇ ಬರಬಹುದು. ಅದಕ್ಕೆ ವಾಸನೆಯೂ ಇಲ್ಲ.

ಬಸ್ ಹತ್ತಲು ಹೊರಟಿದ್ದ ಅವ್ವ ಕಾರಹುಣ್ಣಿಮೆವರೆಗೂ ಇದ್ದಳು. ಊರಿನ ನಮ್ಮ ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ ಇತ್ತು. ಬೆಳಕು ಬರುವ, ಹೊಗೆ ಮತ್ತು ಕಾವು ಹೋಗುವ ಕಿಂಡಿ. ನಾನು ಇಷ್ಟೆಲ್ಲ ವಿವರಿಸಿದ್ದನ್ನು ಕೇಳಿ ಅವಳು ಆ ಫ್ಯಾನಿಗೆ ಅದೇ ಹೆಸರಿಟ್ಟಳು. ಈಗಲೂ ರಾತ್ರಿ ಫೋನ್ ಮಾಡಿದರೆ ಊಟವಾಯ್ತಾ ಎಂದು ಕೇಳಿದ ಮೇಲೆ ಅವಳ ಮುಂದಿನ ಪ್ರಶ್ನೆ: "ಬೆಳಕಿಂಡಿ ತಗದೀರಿಲ್ಲೋ?"