ಕೋಟೆಯೇ ರಂಗಸಜ್ಜಿಕೆಯಾದಾಗ

ಗಿರೀಶ ಕಾರ್ನಾಡರು 1964ರಲ್ಲಿ ಕನ್ನಡದಲ್ಲಿ ಬರೆದ ‘ತುಘಲಕ್’ ನಾಟಕವನ್ನು 1970ರ ದಶಕದಲ್ಲಿ ಇಬ್ರಾಹಿಂ ಅಲ್ಕಾಜಿ ದೆಹಲಿಯ ಪುರಾನಾ ಕಿಲಾದಲ್ಲಿ ಆಡಿಸಿದರು. ಅನುವಾದ ನಮ್ಮ ಬಿ.ವಿ. ಕಾರಂತರದು.

ಕಾರ್ನಾಡರು ದೃಶ್ಯಗಳನ್ನು ಹೆಣೆದದ್ದು ಕಂಪನಿ ನಾಟಕದ ಲೆಕ್ಕದಲ್ಲಿ: ಪರದೆಯ ಮುಂದೆ ಬೀದಿಯ ಮಾತು ನಡೆಯುವಾಗ ಹಿಂದೆ ಅರಮನೆ ಸಜ್ಜಾಗಬೇಕು. ಬಯಲಿನ ಕೋಟೆಯಲ್ಲಿ ಆ ಪರದೆಗೆ ಕೆಲಸವೇ ಇಲ್ಲ. ಸುಲ್ತಾನ 14ನೇ ಶತಮಾನದವನು, ಕೋಟೆ 16ನೆಯದು. ಕಾಲ ತಾಳೆಯಾಗದಿದ್ದರೂ ಅಳತೆ ತಾಳೆಯಾಯಿತು. ಆ ಕಲ್ಲುಗೋಡೆಗಳೆದುರು ಎಂಥ ದೊರೆಯೂ ಚಿಕ್ಕವನೇ. ರಂಗವಿನ್ಯಾಸಕ ಸೆಟ್ ಕಟ್ಟಲೇಬೇಕೆಂದಿಲ್ಲ, ಸರಿಯಾದ ಜಾಗ ಆರಿಸಿದರೂ ಸಾಕು.

ಊರಿಂದ ನೆಂಟರು ಬಂದರೆ ಕುತುಬ್ ಮಿನಾರ್ ಜೊತೆ ಈ ಕೋಟೆಯನ್ನೂ ತೋರಿಸಿ. ಕನ್ನಡದಲ್ಲಿ ಹುಟ್ಟಿದ ನಾಟಕವೊಂದು ಇಲ್ಲಿ ಮೈದಳೆದಿತ್ತೆಂದು ಮಕ್ಕಳಿಗೂ ಹೇಳಿ. ನಾವು ಹೇಳದಿದ್ದರೆ ಅವರಿಗೆ ಅದು ಬರೀ ಕಲ್ಲಿನ ಗೋಡೆ.